ಓಡಿಸುವವನ ಜೇಬಿಗೆ ಎಷ್ಟು?

ಹೋದ ತಿಂಗಳು ಪಾಂಡಿ ಬಜಾರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ ನಮ್ಮ ಸಂಘದ ಹಳೆಯ ಸದಸ್ಯರೂ ನನ್ನ ಸ್ನೇಹಿತರೂ ಆದ ಒಬ್ಬರು ಚೀಲದಿಂದ ಒಂದು ಫಾರಂ ತೆಗೆದು ನನ್ನ ಮುಂದಿಟ್ಟರು. ನೌಕರರ ಸಹಕಾರ ಸಂಘದ ಸಾಲ. ನಾನು ಜಾಮೀನು ನಿಲ್ಲಬೇಕು. ಮಗಳ ಮದುವೆಯಿರಬೇಕೆಂದುಕೊಂಡೆ. ಅಲ್ಲ, ಮಗ ಇರುಂಗಾಟ್ಟುಕೋಟ್ಟೈಯಲ್ಲಿ ಕಾರು ರೇಸಿಗೆ ಇಳಿಯುತ್ತಾನಂತೆ. "ಒಂದು ಸೀಸನ್ ದಾಟಿದರೆ ಸಾಕು ರಾಯರೇ, ಆಮೇಲೆ ಸ್ಪಾನ್ಸರುಗಳು ತಾವಾಗಿ ಬರುತ್ತಾರೆ" ಎಂದರು. ಬಂದ ಮೇಲೆ ಹುಡುಗನ ಕೈಗೆ ಎಷ್ಟು ಸಿಗುತ್ತದೆ ಎಂದು ಕೇಳಿದೆ. ಅವರಿಗೆ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ತರಬೇತಿ ಕೊಡುವವರನ್ನು ಕೇಳಿದರೆ ನಕ್ಕು, "ಪ್ಯಾಶನ್ ಬೇಕು ಸಾರ್" ಎಂದರಂತೆ.

ನನ್ನ ತಕರಾರು ಈ ನಗೆಯ ಮೇಲೆ.

ನಾನು ಗುಮಾಸ್ತ. ಅಪ್ಪರ್ ಡಿವಿಷನ್ ಕ್ಲರ್ಕಿನ ಮೂಲ ವೇತನ 7ನೇ ವೇತನ ಆಯೋಗದಂತೆ 25,500 ರೂಪಾಯಿಯಿಂದ ಆರಂಭ. ಇದು ಅಚ್ಚಾದ ಸಂಗತಿ, ಹೆಣ್ಣು ಕೊಡುವವರೂ ನೋಡಿಕೊಳ್ಳಬಹುದು. ಐಪಿಎಲ್ ಆಟಗಾರನ ಬೆಲೆಯನ್ನು ಹರಾಜಿನಲ್ಲೇ ಕೂಗುತ್ತಾರೆ. ರೇಸು ಓಡಿಸುವವನ ಸಂಪಾದನೆ ಮಾತ್ರ ದೇವರಹುಂಡಿಯ ಗುಟ್ಟು!

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಶೋಳಾವರಂನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ಓಡಿಸಿದ ಹೆಸರಾಂತರು ಯಾರು? ಗೊಂಡಲ್ಲಿನ ಮಹಾರಾಜರು, ಕೊಯಮತ್ತೂರಿನ ಗಿರಣಿ ಮನೆತನದ ಕರಿವರ್ಧನ್, ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತಂದಿಳಿಸಿದ ನಮ್ಮ ವಿಜಯ್ ಮಲ್ಯ. ಕಳೆದುಕೊಳ್ಳಲು ಬಂದವರನ್ನು ಗಳಿಕೆ ಎಷ್ಟೆಂದು ಯಾರು ಕೇಳುತ್ತಾರೆ? ಆದರೆ ಅದೇ ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ ಎಂಜಿನ್ನಿನ ಅಗ್ಗದ ರೇಸು ಕಾರು ಕಟ್ಟಿ ಬಾಗಿಲು ಅಗಲ ಮಾಡಿದರು. ಅದು ಅವರ ದೊಡ್ಡತನ. ಆ ಬಾಗಿಲಿನಿಂದ ಒಳಬಂದವರು ಸಂಬಳದ ಮನೆಯ ಮಕ್ಕಳು. ಅವರಿಗೆ ಲೆಕ್ಕ ಬೇಕು.

ಲೆಕ್ಕ ಏನು? ಇಲ್ಲಿ ಸಾಮಾನ್ಯವಾಗಿ ತಂಡ ಚಾಲಕನಿಗೆ ಕೊಡುವುದಲ್ಲ, ಚಾಲಕನೇ ತಂಡಕ್ಕೆ ಕೊಡುವುದು: ಕಾರಿಗೆ, ಟಯರಿಗೆ, ಮೆಕ್ಯಾನಿಕ್ಕಿಗೆ. ಗೆದ್ದವನಿಗೆ ಕಪ್ಪು, ಫೋಟೋ. ಮುಂದೆ ರೇಸಿನಿಂದಲ್ಲ, ಇನ್ನೊಬ್ಬರ ಮಕ್ಕಳಿಗೆ ರೇಸು ಕಲಿಸುವ ಫೀಜಿನಿಂದ ಸಂಸಾರ ನಡೆಸುವವರೂ ಇದ್ದಾರೆ.

"ಅಮೆರಿಕದಲ್ಲಿ ನೋಡಿ" ಎನ್ನುತ್ತಾರೆ. ನೋಡೋಣ. ಅಲ್ಲಿಯ ನ್ಯಾಸ್ಕಾರ್ ಸ್ಟಾಕ್ ಕಾರುಗಳ ರೇಸು. ಅಂಗಡಿಯಲ್ಲಿ ಮಾರುವ ಕಾರು ಎಂಬುದು ಮೂಲಾರ್ಥ. ಈಗ ಹೊರಗಿನ ಆಕಾರ ಮಾತ್ರ ಅದರದು. ನಮ್ಮ ಮದ್ರಾಸಿನಲ್ಲೇ ಹುಟ್ಟಿದ, 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ ಕಾರ್ತಿಕೇಯನ್ 2010ರಲ್ಲಿ ಅದರ ಟ್ರಕ್ ಸರಣಿಗೆ ಹೋದರು. ಮಾರ್ಟಿನ್ಸ್‌ವಿಲ್‌ನಲ್ಲಿ ಮೊದಲ ಸಲವೇ 13ನೆಯವರಾದರು, ಆ ವರ್ಷದ ಅತ್ಯಂತ ಜನಪ್ರಿಯ ಚಾಲಕನೆಂಬ ಪ್ರಶಸ್ತಿಯನ್ನೂ ಪಡೆದರು. ಮರುವರ್ಷ ಆ ಸರಣಿಯಲ್ಲಿ ಅವರಿಲ್ಲ. ಬಹುಮಾನದ ಹಣ ಅಲ್ಲಿಯೂ ಮೊದಲು ತಂಡಕ್ಕೆ. ಚಾಲಕನಿಗೆ ಸಂಬಳ ಮತ್ತು ಒಪ್ಪಂದದಷ್ಟು ಪಾಲು. ಮೊದಲು ಯಾವ ರೇಸಿನಲ್ಲಿ ಯಾರಿಗೆ ಎಷ್ಟು ಡಾಲರ್ ಎಂದು ಅಚ್ಚು ಹಾಕುತ್ತಿದ್ದರು. 2016ರಿಂದ ಅದನ್ನೂ ನಿಲ್ಲಿಸಿದರು. ಒಳ್ಳೆಯದನ್ನು ಬಿಟ್ಟು ನಮ್ಮ ರೋಗವನ್ನು ಅವರು ಹಿಡಿದರು!

2024ರ ಆಗಸ್ಟ್ ಕೊನೆಯಲ್ಲಿ ನಮ್ಮ ಐಲೆಂಡ್ ಗ್ರೌಂಡ್ಸ್ ಸುತ್ತ ರಾತ್ರಿ ರೇಸು ನಡೆಯಿತಲ್ಲ, ಅದಕ್ಕೆ ಸರ್ಕಾರದ ಹಣ ಏಕೆ ಎಂಬ ತಕರಾರು ಹೈಕೋರ್ಟಿನವರೆಗೆ ಹೋಯಿತು. ಒಳಗೆ ಕೂತು ಓಡಿಸಿದ ಹುಡುಗನಿಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಕಲೆಯೂ ಹೀಗೆಯೇ, ಮಾರ್ಗಳಿಯಲ್ಲಿ ಮಧ್ಯಾಹ್ನದ ಕಛೇರಿ ಮಾಡುವ ಹುಡುಗಿಗೆ ಏನು ಸಿಗುತ್ತದೆ ಎಂದು ಮನೆಯಾಕೆ ಕೇಳಿದಳು. ಸರಿಯಾದ ಪ್ರಶ್ನೆ. ಆದರೆ ವೀಣೆಗೆ ಟಯರು ಸವೆಯುವುದಿಲ್ಲ, ಅಪಸ್ವರದಿಂದ ಯಾರೂ ಸಾಯುವುದಿಲ್ಲ. 2023ರ ಆಗಸ್ಟಿನಲ್ಲಿ ಇದೇ ಇರುಂಗಾಟ್ಟುಕೋಟ್ಟೈಯ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಸತ್ತ. ಹದಿಮೂರು, ಸ್ವಾಮಿ! ನಮ್ಮ ಸಂಘದ ಮಕ್ಕಳ ನಾಟಕದಲ್ಲಿ ಪಾರ್ಟು ಹಾಕುವ ವಯಸ್ಸು.

ರೇಸು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಲೈಸೆನ್ಸ್ ಕೊಡುವ ಮೋಟಾರು ಕ್ರೀಡಾ ಫೆಡರೇಷನ್ ಅರ್ಜಿಯ ಮೇಲ್ಭಾಗದಲ್ಲೇ ಎರಡು ಸಾಲು ಅಚ್ಚು ಹಾಕಲಿ: ಹಿಂದಿನ ವರ್ಷ ಈ ವರ್ಗದಲ್ಲಿ ಚಾಲಕನೊಬ್ಬ ಕೈಯಿಂದ ಹಾಕಿದ್ದು ಸರಾಸರಿ ಇಷ್ಟು, ಕೈಗೆ ಬಂದದ್ದು ಇಷ್ಟು. ಅದನ್ನು ಓದಿಯೂ ಸಹಿ ಹಾಕುವ ತಂದೆಗೆ ನನ್ನ ನಮಸ್ಕಾರ.

ಸ್ನೇಹಿತರ ಫಾರಂ ಇನ್ನೂ ನನ್ನ ಡ್ರಾಯರಿನಲ್ಲಿದೆ, ಸಹಿಯಿಲ್ಲದೆ. ಎರಡು ಭಾನುವಾರದಿಂದ ಅವರು ಸಂಘದ ಕಡೆ ಬಂದಿಲ್ಲ.