ಮಳೆಯ ಲೆಕ್ಕ ಯಾರ ಸೊತ್ತು?

ಮಳೆಮಾಪಕವೆಂಬುದು ಒಂದು ಸಾಧಾರಣ ಪಾತ್ರೆ. ದಿನವೂ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನಳೆದು ಪುಸ್ತಕದಲ್ಲಿ ಬರೆದಿಡುವ ನೌಕರನಿಗೆ ಹಾರ ಹಾಕಿದ ಮಂತ್ರಿಯನ್ನು ನಾವು ಕಂಡಿಲ್ಲ. ಆದರೂ ಈ ದೇಶದ ಮುಂಗಾರಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅಂಥವರ ದುಡಿಮೆಯ ಫಲ.

1864ರಲ್ಲಿ ಕಲ್ಕತ್ತೆಗೆ ಚಂಡಮಾರುತ ಬಡಿಯಿತು. 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಇಷ್ಟು ಪೆಟ್ಟು ತಿಂದ ಮೇಲೆಯೇ ಬ್ರಿಟಿಷ್ ಸರ್ಕಾರ 1875ರಲ್ಲಿ ಹವಾಮಾನ ಇಲಾಖೆಯನ್ನು ತೆರೆದದ್ದು. ಮುಂದೆ ಅದರ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಹಲವು ದಶಕಗಳ ಅಂಕಿಗಳನ್ನು ಗುಮಾಸ್ತರಿಂದ ಕೈಲೆಕ್ಕ ಮಾಡಿಸಿ, ಶಾಂತ ಸಾಗರದ ಗಾಳಿಯ ಒತ್ತಡಕ್ಕೂ ನಮ್ಮ ಮಳೆಗೂ ನಂಟುಂಟೆಂದು ತೋರಿಸಿದ. ವಾಕರನ ಹೆಸರು ಉಳಿಯಿತು. ಗುಮಾಸ್ತರ ಹೆಸರು ಯಾರಿಗೆ ಗೊತ್ತು?

ಈ ಲೆಕ್ಕದ ಗುಣವೇ ಬೇರೆ. ಅಂಗಡಿಯ ಖಾತೆಯಲ್ಲಿ ಒಂದು ದಿನದ ಬರಹ ತಪ್ಪಿದರೆ ಗಿರಾಕಿಯನ್ನು ಕೇಳಿ ತುಂಬಬಹುದು. ಕಳೆದ ದಿನದ ಗಾಳಿಯನ್ನು ಯಾರಲ್ಲಿ ಕೇಳುವುದು? ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಇಂಗಾಲಾಮ್ಲವನ್ನು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 315 ಪಾಲಿತ್ತು. 2024ರ ಸರಾಸರಿ 424ನ್ನು ದಾಟಿತು. ನಡುವೆ 1964ರಲ್ಲಿ ಅಮೆರಿಕದ ಸರ್ಕಾರ ಖರ್ಚು ಉಳಿಸಹೋಗಿ ಅಳತೆ ಕೆಲಕಾಲ ನಿಂತೇಹೋಯಿತು. ಪುಸ್ತಕದಲ್ಲಿ ಆ ತಿಂಗಳುಗಳ ಜಾಗ ಇಂದಿಗೂ ಖಾಲಿ. ಉಳಿದ ಹಣವೆಷ್ಟೋ!

ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಘಟಕ ಶುರುವಾಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದವರೆಗೂ ತಾವೇ ಸುದ್ದಿ ಕಳಿಸುವ ಮಳೆಮಾಪಕಗಳಿವೆ. ಮೆಚ್ಚತಕ್ಕದ್ದೇ. ಆದರೆ ಅಳೆದಿಟ್ಟರೆ ಸಾಲದು. ಪೇಟೆಯ ಚರಂಡಿಯ ಅಗಲವನ್ನು ಗುತ್ತಿಗೆದಾರನ ಅಂದಾಜಿನಿಂದಲ್ಲ, ಐವತ್ತು ವರ್ಷಗಳ ಜೋರು ಮಳೆಯ ಲೆಕ್ಕದಿಂದ ಗೊತ್ತುಮಾಡಬೇಕು. ಮಳೆನೀರು ನುಗ್ಗಿ ಅಕ್ಕಿಮೂಟೆ ತೊಯ್ದರೆ ನಷ್ಟ ಗುತ್ತಿಗೆದಾರನದಲ್ಲ, ಕಿರಾಣಿಯವನದು.

ಗಿರಣಿಯ ಬಂಧುಗಳಿಗಂತೂ ಈ ಅಳತೆ ಹೊಸದಲ್ಲ. ಗಾಳಿ ಒಣಗಿದರೆ ನೂಲು ಹರಿಯುತ್ತದೆಂದು ಒಳಗೆ ತೇವಮಾಪಕ ತೂಗುಹಾಕಿ, ನೀರು ಚಿಮ್ಮಿಸಿ ತೇವ ಕಾಯುತ್ತಾರೆ. ನೂಲಿಗೆ ಹಿತವಾದ ಅದೇ ತೇವದಲ್ಲಿ ಸೆಕೆ ಏರಿದರೆ ಆಳಿನ ಬೆವರು ಆರದು, ಮೈಯ ಕಾವು ಇಳಿಯದು. ಆ ಅಂಕಿಗಳನ್ನು ಕಾರ್ಮಿಕ ಇಲಾಖೆ ವರ್ಷವರ್ಷವೂ ಕೂಡಿಸಿ ಕನ್ನಡದಲ್ಲಿ ಪ್ರಕಟಿಸಲಿ, ಅವನ್ನು ಕಾರ್ಮಿಕ ಸಂಘದ ಮುಂದಿಟ್ಟುಕೊಂಡೇ ಬೇಸಿಗೆಯ ಪಾಳಿಯ ಹೊತ್ತನ್ನು ಗೊತ್ತುಮಾಡಲಿ ಎಂಬುದು ನಮ್ಮ ಬೇಡಿಕೆ.