ಬಂದೂಕಿನ ಪೆಟ್ಟಿಗೆ ತಡವಾಗಿಯೇ ತೆರೆಯಲಿ

2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಮೋರ್ಗನ್ಸ್‌ಗೇಟ್ ಬಳಿ, ಸಂಬಳ ಕೇಳಲು ಬಂದ ನೌಕರರೊಂದಿಗೆ ಜಗಳವಾದಾಗ ಉದ್ಯಮಿಯೊಬ್ಬರು ತಮ್ಮ ಲೈಸೆನ್ಸ್ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಅದು ತಗುಲಿದ್ದು ಅಲ್ಲೇ ಇದ್ದ ಅವರದೇ ಮಗನ ತಲೆಗೆ. ಹದಿಹರೆಯದ ಆ ಹುಡುಗ ಉಳಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಅಲ್ಲಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿತು. ಗುಂಡು ಹಾರಿ, ಬಂಗಾಳದಿಂದ ಕೂಲಿಗೆ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು.

ಆಯುಧ ಬೇಗ ಕೈಗೆ ಸಿಗಲಿಲ್ಲ ಎಂಬುದು ಈ ಎರಡು ಪ್ರಕರಣಗಳಲ್ಲೂ ಯಾರ ದೂರೂ ಅಲ್ಲ. ಆದರೂ ನಮ್ಮ ಕಡೆಯ ಲೈಸೆನ್ಸ್‌ದಾರರು ಕೇಳುವ ಮೊದಲ ಪ್ರಶ್ನೆ, 'ಯಾವ ಸೇಫ್ ಬೇಗ ತೆರೆಯುತ್ತೆ?' ಎಂದು. ಬೆರಳಿಟ್ಟರೆ ಸಾಕು, ಕತ್ತಲಲ್ಲೂ ಎರಡೇ ಸೆಕೆಂಡು ಎಂದು ಮಾರುವವರು ಹೇಳುತ್ತಾರೆ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಮಕ್ಕಳಿರುವ ಮನೆಯಲ್ಲಿ ಆಯುಧದ ಪೆಟ್ಟಿಗೆ ನಿಧಾನವಾಗಿ ತೆರೆಯಬೇಕು, ತೆರೆದರೂ ಒಳಗೆ ಗುಂಡು ಇರಬಾರದು.

ಬೆಂಗಳೂರಿನ ಹೊಸ ತಿಪ್ಪಸಂದ್ರವನ್ನೇ ನೋಡಿ. ಎಚ್‌ಎಎಲ್, ಡಿಆರ್‌ಡಿಒ ನೌಕರರು, ನಿವೃತ್ತ ಸೈನಿಕರು ನೆಲೆಸಿರುವ ಪ್ರದೇಶವಿದು. ಇಂಥ ಕಡೆ ಆಯುಧ ಎಂದರೆ ಸಿನಿಮಾದ ಪಿಸ್ತೂಲಲ್ಲ. ಸೇನೆಯಿಂದ ನಿವೃತ್ತರಾಗಿ ಬ್ಯಾಂಕಿನಲ್ಲೋ ಎಟಿಎಂ ಹಣದ ವ್ಯಾನಿನಲ್ಲೋ ಗನ್‌ಮ್ಯಾನ್ ಆದವರ ಸ್ವಂತ ಲೈಸೆನ್ಸಿನ 12 ಬೋರ್ ಜೋಡುನಳಿಗೆ ಬಂದೂಕು. ಕೆಲಸ ಮುಗಿದ ಮೇಲೆ ಅದೂ ಮನೆಗೆ ಬರುತ್ತದೆ. ಆ ಮನೆ ಎಂಥದು? 20-30ರ ಸೈಟಿನಲ್ಲಿ ಮೂರು ಮಹಡಿ, ಮಹಡಿಗೊಂದು ಸಂಸಾರ. ಒಂದೇ ಬೆಡ್‌ರೂಮು, ಅದರಲ್ಲೊಂದು ಕಬ್ಬಿಣದ ಬೀರು. ರೇಷ್ಮೆ ಸೀರೆ, ಮನೆಪತ್ರ, ಮಕ್ಕಳ ಮಾರ್ಕ್ಸ್‌ಕಾರ್ಡು ಎಲ್ಲ ಅದರೊಳಗೇ. ಬೀಗದ ಕೈ ದೇವರ ಪಟದ ಹಿಂದೆ ಇರುವುದು ಐದು ವರ್ಷದ ಕೂಸಿಗೂ ಗೊತ್ತು. ಬೀರು ಭದ್ರವಾಗಿಯೇ ಇದೆ, ಆದರೆ ಅದರ ಕೀಲಿ ಇಡೀ ಮನೆಯದು.

ಹಾಗಾದರೆ ಬೆರಳಚ್ಚಿನ ಪೆಟ್ಟಿಗೆಯೇ ವಾಸಿಯಲ್ಲವೇ? ಅಮೆರಿಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಫೋರ್ಟ್ರೆಸ್ ಎಂಬ ಕಂಪನಿಯ ಸುಮಾರು 61,000 ಬೆರಳಚ್ಚಿನ ಸೇಫ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮಾಲೀಕ ತನ್ನ ಬೆರಳಚ್ಚು ದಾಖಲಿಸಿದ್ದೇನೆಂದು ನಂಬಿದ್ದರೂ ಅವು ಯಾರ ಬೆರಳಿಗಾದರೂ ತೆರೆದುಕೊಳ್ಳುತ್ತಿದ್ದವು. 39 ದೂರುಗಳು ಬಂದಿದ್ದವು. ಹನ್ನೆರಡು ವರ್ಷದ ಬಾಲಕನೊಬ್ಬನ ಸಾವೂ ಅದರಲ್ಲಿ ಸೇರಿತ್ತು. ಬಂದೂಕು ಮನೆಗಳಲ್ಲಿ ತುಂಬಿರುವ ದೇಶದ ಕಥೆಯೇ ಹೀಗಿರುವಾಗ, ಆನ್‌ಲೈನ್‌ನಲ್ಲಿ ಬರುವ ಹೆಸರಿಲ್ಲದ ಡಬ್ಬಿಯನ್ನು ನಂಬುವುದು ಹೇಗೆ?

ಇನ್ನೊಂದು ತೊಡಕು ಬಾಡಿಗೆ ಮನೆಯದು. ಸಣ್ಣ ಸೇಫನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯದಿದ್ದರೆ ಕಳ್ಳ ಅದನ್ನು ತೆರೆಯುವ ಗೋಜಿಗೇ ಹೋಗುವುದಿಲ್ಲ, ಹಾಗೇ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಕ್ಯಾಲೆಂಡರಿಗೆ ಮೊಳೆ ಹೊಡೆದರೇ ಮುನಿಯುವ ಓನರ್, ಡ್ರಿಲ್ ಮಾಡಲು ಬಿಟ್ಟಾರೆಯೇ? ಬಿಟ್ಟರೂ ನಾಲ್ಕಿಂಚಿನ ಗೋಡೆಯನ್ನು ನಂಬಬೇಡಿ. ಕಾಂಕ್ರೀಟ್ ನೆಲವೇ ಮೇಲು.

ಜೋಡುನಳಿಗೆಯವರಿಗಂತೂ ದುಬಾರಿ ಪೆಟ್ಟಿಗೆಯೇ ಬೇಕಿಲ್ಲ. ಮುಂದಿನ ಮರದ ಹಿಡಿ ಬಿಚ್ಚಿ ಬಂದೂಕು ಮುರಿದರೆ ನಳಿಗೆ ಬೇರೆ, ಹಿಂಬದಿ ಬೇರೆ. ನಳಿಗೆಯನ್ನು ಒಂದು ಬೀಗದೊಳಗೆ, ತೋಟಾಗಳನ್ನು ಇನ್ನೊಂದು ಬೀಗದೊಳಗೆ ಇಟ್ಟು, ಎರಡೂ ಕೀಲಿಗಳನ್ನು ಲೈಸೆನ್ಸ್‌ದಾರರೇ ಇಟ್ಟುಕೊಂಡರೆ ಆಯಿತು. ರಿವಾಲ್ವರನ್ನು ಹೀಗೆ ಬಿಚ್ಚಿಡಲಾಗದು. ಗುಂಡು ತೆಗೆದು, ಟ್ರಿಗರ್ ಲಾಕ್ ಹಾಕಿ, ಬಿಗಿದ ಸೇಫಿನಲ್ಲಿಡಬೇಕು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2005ರಲ್ಲಿ ಬಂದ ಅಧ್ಯಯನ ಹೇಳಿದ್ದೂ ಇದನ್ನೇ: ಆಯುಧಕ್ಕೆ ಬೀಗ, ಒಳಗೆ ಗುಂಡಿಲ್ಲದಿರುವುದು, ಗುಂಡಿಗೂ ಬೀಗ, ಎರಡನ್ನೂ ಬೇರೆ ಬೇರೆ ಕಡೆ ಇಡುವುದು. ಈ ನಾಲ್ಕರಲ್ಲಿ ಪ್ರತಿಯೊಂದೂ ಮನೆಯ ಮಕ್ಕಳ ಅಪಾಯ ತಗ್ಗಿದ್ದರ ಜತೆ ತಳಕು ಹಾಕಿಕೊಂಡಿತ್ತು. ಸಿಟ್ಟು, ಕುಡಿತ, ಪರೀಕ್ಷೆ ಫೇಲಾದ ರಾತ್ರಿಯ ಹತಾಶೆ ಇವೆಲ್ಲ ಸ್ವಲ್ಪ ಹೊತ್ತಿನವು. ಎರಡು ಬೀಗ ಆ ಹೊತ್ತನ್ನು ದಾಟಿಸುತ್ತವೆ.

'ಕಳ್ಳ ಬಂದಾಗ ಎರಡು ಬೀಗ ತೆಗೆಯುತ್ತಾ ಕೂರಬೇಕೇ?' ಎಂಬುದು ಎದುರಾಗುವ ಪ್ರಶ್ನೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಜಾರಿಯಾಗಿ ಜೂನ್ ಮೊದಲ ವಾರದವರೆಗೂ ಇತ್ತು. ಇಂಥ ಚುನಾವಣೆ ಬಂದಾಗೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕು ಎಂಬ ಆದೇಶ ಹೊರಡುತ್ತದೆ. 'ನಮ್ಮ ರಕ್ಷಣೆಗೆ ಯಾರು ಗತಿ?' ಎಂಬ ಗೊಣಗಾಟವೂ ಏಳುತ್ತದೆ. ಬಂದೂಕು ಠಾಣೆಯಲ್ಲಿದ್ದ ಆ ತಿಂಗಳುಗಳಲ್ಲಿ ನಿಮ್ಮ ಮನೆಗೆ ಏನಾಯಿತೆಂದು ನೀವೇ ನೆನಪಿಸಿಕೊಳ್ಳಿ. ಅಷ್ಟು ದಿನ ಇಲ್ಲದೆ ನಡೆದದ್ದು ಎರಡು ನಿಮಿಷ ತಡವಾದರೆ ನಡೆಯದೇ?

ಕೊಡಗಿನವರು ಇಲ್ಲಿ ಆಕ್ಷೇಪಿಸಬಹುದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಮನೆಗಳ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದ, 2029ರವರೆಗಿನ ವಿನಾಯಿತಿಯೂ ಅವರ ಹಕ್ಕು. ಆದರೆ ಅದು ಲೈಸೆನ್ಸಿಗೆ ಸಿಕ್ಕ ವಿನಾಯಿತಿ, ಬೀಗಕ್ಕಲ್ಲ.

ಅಸಲು ಹೊಣೆ ಲೈಸೆನ್ಸ್ ಕೊಡುವವರದು. 2016ರ ಶಸ್ತ್ರಾಸ್ತ್ರ ನಿಯಮಗಳಡಿ ಅರ್ಜಿದಾರ ಆಯುಧವನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಡುತ್ತಾರೆ, ಅದು ಕಡತ ಸೇರುತ್ತದೆ. ವಿಚಾರಣೆಗೆ ಬರುವ ಪೊಲೀಸರು ನಡತೆ ಕೇಳುತ್ತಾರೆ, ಹಳೆಯ ಕೇಸು ಕೆದಕುತ್ತಾರೆ; 'ಎಲ್ಲಿಡ್ತೀರಿ, ತೋರಿಸಿ' ಎಂದದ್ದನ್ನು ನಾನು ಕಂಡಿಲ್ಲ. ಬ್ರಿಟನ್ನಿನಲ್ಲಿ ಪೊಲೀಸರು ಮನೆಗೇ ಬಂದು ಕಪಾಟು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅಂದರೆ ಮತ್ತೆ ಕೇಳುವ ಸಂದರ್ಭವೇ ದೂರವಾಯಿತು. ಲೈಸೆನ್ಸಿನ ಷರತ್ತು ಮುರಿದರೆ ಅದೇ ಕಾಯ್ದೆಯ 30ನೇ ಕಲಮಿನಡಿ ಹೆಚ್ಚೆಂದರೆ ಆರು ತಿಂಗಳು ಸೆರೆ ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಂದಿರಾನಗರದಲ್ಲಿ ನಾಲ್ಕು ಜನ ಊಟ ಮಾಡಿದರೆ ಬಿಲ್ಲು ಅದಕ್ಕಿಂತ ಹೆಚ್ಚಾಗುತ್ತದೆ.

ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಮುಂದಿನ ನವೀಕರಣದಿಂದಲೇ, ಆಯುಧ ಇಡುವ ಜಾಗವನ್ನು ನೋಡದೆ ಸಹಿ ಹಾಕಬಾರದು ಎಂದು ಅವರು ಆದೇಶಿಸಲಿ. ಇದಕ್ಕೆ ಹೊಸ ಕಾನೂನು ಬೇಡ. ಮುಚ್ಚಳಿಕೆ ಕಡತದಲ್ಲೇ ಇದೆ. ಅದರಲ್ಲಿ ಬರೆದದ್ದು ಮನೆಯಲ್ಲಿದೆಯೇ ಎಂದು ನೋಡಿಬರಲು ಠಾಣೆಯ ಒಬ್ಬ ಪೇದೆ ಸಾಕು.