ಏಟು ಬಿದ್ದ ಮೇಲಿನ ಕಾನೂನಷ್ಟೇ ಸಾಲದು

ಆಸ್ಪತ್ರೆ ಸಿಬ್ಬಂದಿಗೆ ರಕ್ಷಣೆ ಬೇಕು ಎಂದ ಕೂಡಲೇ ಎದುರಾಗುವ ಪ್ರಶ್ನೆ: ‘ಸುಮ್ಮಸುಮ್ಮನೆ ಯಾರಾದರೂ ಹೊಡೆಯುತ್ತಾರೆಯೇ? ಸುಲಿಗೆ, ನಿರ್ಲಕ್ಷ್ಯ ಕಂಡು ಜನ ರೊಚ್ಚಿಗೇಳುತ್ತಾರೆ.’ ಸುಲಿಗೆಯೂ ಉಂಟು, ನಿರ್ಲಕ್ಷ್ಯವೂ ಉಂಟು. ಆದರೆ ಏಟು ತಿನ್ನುವವರು ಯಾರು? ಬಿಲ್ಲಿನ ದರ ನಿಗದಿ ಮಾಡಿದವರಲ್ಲ. ರಾತ್ರಿ ಪಾಳಿಯ ಹೌಸ್ ಸರ್ಜನ್, ಸಿಸ್ಟರ್, ಹೊರಗುತ್ತಿಗೆಯ ವಾರ್ಡ್ ಬಾಯ್. ಹಣ ಪಡೆದು ಕೊಡುವ ಚಿಕಿತ್ಸೆಯನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಗ್ರಾಹಕ ಕಾಯ್ದೆಯಡಿ ತಂದಿದೆ. ನಮ್ಮ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ, ಬಾಕಿ ಕಟ್ಟದೆ ಶವ ಕೊಡುವುದಿಲ್ಲ ಎನ್ನುವಂತಿಲ್ಲ. ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕೆ ದೂರನ್ನೂ ಕೊಡಬಹುದು. ಈ ದಾರಿಗಳು ನಿಧಾನವಾಗಿವೆ ಎಂದರೆ, ಚುರುಕುಗೊಳಿಸಿ ಎಂದು ಆಸ್ಪತ್ರೆ ಸಿಬ್ಬಂದಿಯಾದ ನಾವೂ ದನಿಗೂಡಿಸುತ್ತೇವೆ.

‘ಕಾನೂನು ಇದೆಯಲ್ಲ’ ಎನ್ನುವವರೂ ಇದ್ದಾರೆ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ ಕಾನೂನು ಇದೆ, 2009ರಿಂದ. ಹಲ್ಲೆ ಜಾಮೀನುರಹಿತ ಅಪರಾಧ; ಹಾಳುಗೆಡವಿದ ಸ್ವತ್ತಿಗೆ ಎರಡರಷ್ಟು ಬೆಲೆ ತೆರಬೇಕು. ಆದರೆ ದೂರು ಕೊಡುವುದು ಯಾರು? ರಾತ್ರಿಯಿಡೀ ದುಡಿದ ಸಿಸ್ಟರ್ ಬೆಳಿಗ್ಗೆ ಅದೇ ಯೂನಿಫಾರ್ಮಿನಲ್ಲಿ ಠಾಣೆಯ ಬೆಂಚಿನ ಮೇಲೆ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಊರಿನ ಮುಖಂಡರು ಬಂದು, ‘ಹೋಗಲಿ ಬಿಡಮ್ಮ, ದುಃಖದಲ್ಲಿದ್ದರು, ರಾಜಿ ಮಾಡ್ಕೊ’ ಎನ್ನುತ್ತಾರೆ. ಗುತ್ತಿಗೆ ನವೀಕರಣದ ಚಿಂತೆಯಲ್ಲಿರುವ ಹುಡುಗಿ ಸಹಿ ಹಾಕಿ ಮನೆಗೆ ಹೋಗುತ್ತಾಳೆ. ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ದಾಖಲಿಸುವ ಹೊಣೆ ಹೊರಬೇಕು ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು ಇದಕ್ಕೇ. ವೈದ್ಯಕೀಯ ಸಿಬ್ಬಂದಿಯ ಸುರಕ್ಷತೆ ಕುರಿತು ಸುಪ್ರೀಂ ಕೋರ್ಟ್ ನೇಮಿಸಿದ ಕಾರ್ಯಪಡೆ ಪ್ರತ್ಯೇಕ ಕೇಂದ್ರ ಕಾನೂನು ಬೇಕಿಲ್ಲ ಎಂದಿತು. ಆಗಲಿ, ಇರುವುದನ್ನೇ ನಡೆಸಿ. ಆದರೆ ಕಾನೂನು ಬರುವುದು ಏಟು ಬಿದ್ದ ಮೇಲೆ. ನಾವು ಕೇಳುತ್ತಿರುವುದು ಏಟು ಬೀಳದಿರುವ ಏರ್ಪಾಡು.

‘ಹಾಗಾದರೆ ಪೊಲೀಸರನ್ನು ನಿಲ್ಲಿಸೋಣ’ ಎಂಬ ಸಲಹೆಯೂ ಬರುತ್ತದೆ. ಆದರೆ ಅದೊಂದೇ ಸಾಲದು. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್ 9ರಂದು ಕೊಲೆಯಾದ ಯುವ ವೈದ್ಯೆ ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಮಲಗಿದ್ದವರು. ಶಿಕ್ಷೆಗೊಳಗಾದವನು ಪೊಲೀಸರ ಜೊತೆಯೇ ಕೆಲಸ ಮಾಡುತ್ತಿದ್ದ ಸಿವಿಕ್ ವಾಲಂಟಿಯರ್. ಕಾವಲು ಬೇಕು, ನಿಜ. ಅದಕ್ಕಿಂತ ಮೊದಲು ಒಳಗಿನಿಂದ ಚಿಲಕ ಹಾಕಬಹುದಾದ ಡ್ಯೂಟಿ ರೂಮು, ಬೆಳಕಿರುವ ಕಾರಿಡಾರು, ಮನುಷ್ಯರು ಮಾಡಬಹುದಾದಷ್ಟೇ ಉದ್ದದ ಪಾಳಿ ಬೇಕು.

ಇನ್ನು ಕ್ಯಾಶುವಾಲ್ಟಿಯ ಬಾಗಿಲಿಗೆ ಬನ್ನಿ. ಅಪಘಾತದ ಕೇಸು ಬಂದಿದೆ. ಹಿಂದೆಯೇ ಎರಡು ಟೆಂಪೋ ಜನ. ಒಳಗೆ ಒಬ್ಬರೇ ಡ್ಯೂಟಿ ಡಾಕ್ಟರು ಟ್ಯೂಬ್ ಹಾಕುತ್ತಿದ್ದಾರೆ, ಸಿಸ್ಟರ್ ರಕ್ತನಾಳ ಹುಡುಕುತ್ತಿದ್ದಾರೆ. ಹೊರಗಿನವರಿಗೆ ಸಿಕ್ಕಿದ್ದು ‘ಹೊರಗಿರಿ’ ಎಂಬ ಒಂದೇ ಮಾತು. ಅರ್ಧ ಗಂಟೆ ಯಾರೂ ಏನೂ ಹೇಳುವುದಿಲ್ಲ. ಆಮೇಲೆ ಏಕಾಏಕಿ ‘ಹೋಗಿಬಿಟ್ಟರು’ ಎಂಬ ಸುದ್ದಿ. ಅಷ್ಟು ಹೊತ್ತು ಒಳಗೆ ನಡೆದ ಹೋರಾಟ ಅವರಿಗೆ ಕಂಡೇ ಇಲ್ಲ. ‘ಏನೂ ಮಾಡದೆ ಸಾಯಿಸಿದರು’ ಎಂದು ಅವರು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಹೊರಬಂದು, ‘ಅಣ್ಣ, ಉಸಿರಾಟದ ಮೆಷಿನ್ ಹಾಕಿದ್ದಾರೆ, ಬಿ.ಪಿ. ಏರುತ್ತಿಲ್ಲ, ಸ್ಥಿತಿ ಗಂಭೀರವಾಗಿದೆ’ ಎಂದು ಹೇಳಲೆಂದೇ ಒಬ್ಬರನ್ನು ನೇಮಿಸಿ. ಆ ಕೆಲಸವನ್ನೂ ಟ್ಯೂಬ್ ಹಾಕುತ್ತಿರುವ ಕೈಗೇ ಹೊರಿಸಬೇಡಿ.

‘ಇದು ಸೇವೆ, ಸಹಿಸಿಕೊಳ್ಳಬೇಕು’ ಎಂಬ ಮಾತು ನನ್ನಂಥ ಶುಶ್ರೂಷಾಧಿಕಾರಿಗಳಿಗೆ ಹೆಚ್ಚು ನೋವು ಕೊಡುವಂಥದ್ದು, ಏಕೆಂದರೆ ಅದು ನಮ್ಮ ಮೇಲಧಿಕಾರಿಗಳ ಬಾಯಿಂದಲೇ ಬರುತ್ತದೆ. ಸಹಿಸಿಕೊಂಡವರು ಏನಾಗುತ್ತಾರೆ ಗೊತ್ತೇ? ಒಮ್ಮೆ ಕೊರಳಪಟ್ಟಿ ಹಿಡಿಸಿಕೊಂಡ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮುಂದಿನ ಕಷ್ಟದ ಹೆರಿಗೆಗೆ ಕೈ ಹಾಕಲು ಅಂಜುತ್ತಾರೆ, ಜಿಲ್ಲಾಸ್ಪತ್ರೆಗೆ ರೆಫರ್ ಬರೆಯುತ್ತಾರೆ. ಅಷ್ಟು ದೂರದ ಆಂಬುಲೆನ್ಸ್ ಪ್ರಯಾಣದಲ್ಲಿ ರಕ್ತ ಕಳೆದುಕೊಳ್ಳುವುದು ರೋಗಿಯೇ.

ದುಡ್ಡೆಲ್ಲಿದೆ ಎಂಬುದು ಕೊನೆಯ ತಕರಾರು. ಚಿಲಕಕ್ಕೆ, ಬಲ್ಬಿಗೆ ಆರೋಗ್ಯ ರಕ್ಷಾ ಸಮಿತಿಯ ನಿಧಿಯನ್ನೇ ಕೇಳಬಹುದು. ರಾತ್ರಿ ಪಾಳಿಗೆ ಮಾಹಿತಿ ಹೇಳುವ ಒಂದು ಹುದ್ದೆಯನ್ನು ಸರ್ಕಾರ ಮಂಜೂರು ಮಾಡಬೇಕು. ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇವೆರಡನ್ನೂ ಸೇರಿಸಿ, ಆ ಸಭೆಗೆ ರಾತ್ರಿ ಪಾಳಿಯ ಒಬ್ಬ ಸಿಸ್ಟರನ್ನೂ ಕರೆಯಿರಿ.